ಎಲ್ಲ ಪುಸ್ತಕಗಳಿಗೂ ಒಂದೇ ಓಟವೇ?

ನಮ್ಮ ವಾಚನಾಲಯದ ನಾಲ್ಕನೆಯ ಕಪಾಟಿನ ವಿಷಯದಲ್ಲಿ ವಾಚಕ ಬಂಧುಗಳಿಗೆ ಒಂದು ಅರಿಕೆ ಮಾಡಿಕೊಳ್ಳಬೇಕಾಗಿದೆ. ಸ್ಥಳ ಸಾಲದು, ಹೊಸದಾಗಿ ಬಂದ ಪುಸ್ತಕಗಳು ಮೇಜಿನ ಮೇಲೂ ಕಿಟಕಿಯ ಕಟ್ಟೆಯ ಮೇಲೂ ಬಿದ್ದಿವೆ. ಆದುದರಿಂದ ಮೂರು ವರ್ಷಗಳಿಂದ ಯಾರೂ ಮನೆಗೆ ಒಯ್ಯದಿರುವ ಪುಸ್ತಕಗಳ ಪಟ್ಟಿಯನ್ನು ಮಾಡಿಕೊಡಬೇಕೆಂದು ಸಮಿತಿಯವರು ನಮಗೆ ಹೇಳಿದರು. ಅವನ್ನು ರದ್ದಿಗೆ ಹಾಕುವುದೋ ಬೇರೆ ಸಂಘಕ್ಕೆ ಕೊಡುವುದೋ ಎಂಬುದು ಆಮೇಲಿನ ಮಾತು. ಪಟ್ಟಿ ಬರೆಯುವುದು ನಮಗೆ ದಿನನಿತ್ಯದ ಕೆಲಸವೇ ಆದ್ದರಿಂದ ರಜಿಸ್ಟರು ಹಿಡಿದು ಎರಡು ಭಾನುವಾರ ಕುಳಿತೆವು. ಕಾವ್ಯ, ವಚನ, ನಾಟಕ, ವಿಜ್ಞಾನ - ನಾಲ್ಕನೆಯ ಕಪಾಟು ಹೆಚ್ಚುಕಡಿಮೆ ಪೂರ್ತಿಯಾಗಿ ಪಟ್ಟಿಗೆ ಇಳಿದುಬಿಟ್ಟಿತು.

ಪಟ್ಟಿ ಮುಗಿದ ಮೇಲೆ ಒಂದು ಸಂಗತಿ ನಮ್ಮನ್ನು ಚುಚ್ಚಿತು. ಆ ಪುಸ್ತಕಗಳಲ್ಲಿ ಮುಕ್ಕಾಲು ಪಾಲನ್ನು ನಾವೂ ಓದಿರಲಿಲ್ಲ. ಕೆಲವನ್ನು ಓದಿದ್ದೇವೆಂದು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು. ಕಪಾಟಿನ ಕೀಲಿಕೈ ನಮ್ಮ ಜೇಬಿನಲ್ಲೇ ಇರುವಾಗ ಇದಕ್ಕೇನೆನ್ನಬೇಕು? ದೀಪಾವಳಿಯವರೆಗೆ ಅವಕಾಶ ಬೇಡಿಕೊಂಡು, ಪಟ್ಟಿಯನ್ನು ಕಿಸೆಯಲ್ಲಿಟ್ಟು ಓದಲು ತೊಡಗಿದೆವು. ನಾವು ಮೆಟ್ರಿಕ್‌ವರೆಗೆ ಓದಿದವರು. ಇಲ್ಲಿ ಬರೆಯುತ್ತಿರುವುದು ವಿಮರ್ಶೆಯಲ್ಲ, ಓದುವಾಗ ನಮಗೆ ಆದದ್ದು.

ನಮ್ಮ ಓದು ಆರಂಭವಾದದ್ದು ಪತ್ತೇದಾರಿ ಕಾದಂಬರಿಗಳಿಂದ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಎಷ್ಟೋ ರಾತ್ರಿ ದೀಪ ಆರಿಸದೆ ಹಿಂಬಾಲಿಸಿದ್ದೇವೆ. ಆ ಪುಸ್ತಕಗಳನ್ನು ದೊಡ್ಡ ಗ್ರಂಥದೊಳಗೆ ಬಚ್ಚಿಟ್ಟು ಓದುತ್ತಿದ್ದೆವು. ಅದರ ನಾಚಿಕೆ ಈಗ ಉಳಿದಿಲ್ಲ. ಕನ್ನಡವನ್ನು ತಡವರಿಸದೆ ಓದಲು ನಮಗೆ ಕಲಿಸಿದ್ದು ಶಾಲೆಗಿಂತ ಅವೇ. ಆದರೆ ಅವುಗಳಿಂದ ಒಂದು ಚಟವೂ ಅಂಟಿತು. ಮೊದಲನೆಯ ಪುಟದಲ್ಲಿ ಒಂದು ಪ್ರಶ್ನೆ, ಕೊನೆಯ ಪುಟದಲ್ಲಿ ಉತ್ತರ. ನಡುವೆ ‘ಮುಂದೇನಾಯಿತು’ ಎಂದು ಓಡುವುದು. ಇದೇ ಓಟದಿಂದ ಬೇರೆ ಪುಸ್ತಕಗಳಿಗೂ ನುಗ್ಗಿದೆವು. ಅವು ಬಾಗಿಲು ತೆರೆಯಲಿಲ್ಲ. ತಪ್ಪು ಪುಸ್ತಕದ್ದೆಂದುಕೊಂಡು ಕೆಳಗಿಟ್ಟೆವು.

ಪಟ್ಟಿಯಲ್ಲಿ ಮೊದಲು ಕೈಗೆತ್ತಿಕೊಂಡದ್ದು ಕುಮಾರವ್ಯಾಸ ಭಾರತ. ಅಲ್ಲಿ ‘ಮುಂದೇನಾಯಿತು’ ಎಂಬ ಪ್ರಶ್ನೆಗೆ ಜಾಗವೇ ಇಲ್ಲ. ಪಾಂಡವರ ಕಥೆ ಯಾರಿಗೆ ಗೊತ್ತಿಲ್ಲ? ಮೂರು ಸಂಜೆ ವಾಚನಾಲಯದ ಮೂಲೆಯಲ್ಲಿ ಕುಳಿತು ಕಣ್ಣಾಡಿಸಿ ಬೇಸತ್ತೆವು. ಗದುಗಿನ ಕಡೆಯ ಹಿರಿಯರೊಬ್ಬರು ದಿನವೂ ಪತ್ರಿಕೆ ನೋಡಲು ಬರುತ್ತಾರೆ. ಅವರು ನಮ್ಮನ್ನು ನೋಡಿ, “ಹಿಂಗ ಬಾಯಿ ಮುಚ್ಚಿಕೊಂಡು ಕುಂತ್ರ ಅದು ಹೆಂಗ ತಿಳೀಬೇಕ್ರೀ? ಸ್ವಲ್ಪ ದನಿ ತಗೀರಿ” ಎಂದರು. ‘ಶಾಂತತೆ ಕಾಪಾಡಿರಿ’ ಎಂಬ ಹಲಗೆ ನಮ್ಮ ತಲೆಯ ಮೇಲೆಯೇ ತೂಗುತ್ತಿತ್ತು! ಇಬ್ಬರೂ ಹೊರಗಿನ ಮೆಟ್ಟಿಲಿಗೆ ಹೋಗಿ ಕುಳಿತೆವು.

ಅವರು ತೋರಿಸಿಕೊಟ್ಟದ್ದು ಇಷ್ಟೇ. ಆ ಕಾವ್ಯವೆಲ್ಲ ಭಾಮಿನಿ ಷಟ್ಪದಿಯಲ್ಲಿದೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸಾಮಾನ್ಯವಾಗಿ ಎರಡು. ಆರು ಸಾಲುಗಳಲ್ಲಿ ಒಂದು, ಎರಡು, ನಾಲ್ಕು, ಐದನೆಯವು ಗಿಡ್ಡ: ಮೂರು-ನಾಲ್ಕು, ಮೂರು-ನಾಲ್ಕು, ಒಟ್ಟು 14 ಮಾತ್ರೆ. ಮೂರನೆಯದು ಮತ್ತು ಆರನೆಯದು ಉದ್ದ: ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಬೆರಳಿನಿಂದ ಮೆಟ್ಟಿಲನ್ನು ತಟ್ಟುತ್ತ ಹೋದರೆ ಎಲ್ಲಿ ಉಸಿರು ನಿಲ್ಲಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಲೋಕಲ್ ಗಾಡಿಯಲ್ಲಿ ಹಳಿಯ ಸದ್ದಿಗೂ ಇದನ್ನು ಹೊಂದಿಸಿ ನೋಡಿದ್ದೇವೆ. ಎಲ್ಲ ನಿಲ್ದಾಣಗಳ ನಡುವೆ ಹೊಂದುವುದಿಲ್ಲವೆಂಬುದು ಬೇರೆ ಮಾತು. ಅರ್ಥವಾಗದ ಶಬ್ದಗಳು ಪದ್ಯಕ್ಕೆ ನಾಲ್ಕೈದು ಇನ್ನೂ ಉಳಿಯುತ್ತವೆ. ಆದರೆ ಭೀಮನ ಸಿಟ್ಟು ಅರ್ಥಕೋಶಕ್ಕಿಂತ ಮೊದಲೇ ಕಿವಿಗೆ ಬಂದು ಮುಟ್ಟುತ್ತದೆ. ವಾರಕ್ಕೆ ಒಂದು ಸಂಧಿಯನ್ನು ಮುಗಿಸುವುದೂ ನಮಗೆ ಕಷ್ಟ. ಅವಸರವೇನೂ ಇಲ್ಲ.

ವಚನಗಳಿಗೆ ಇನ್ನೊಂದು ಬಗೆ ಬೇಕು. ಬಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಅಚ್ಚಿಗೆ ತಂದರು. ಅಷ್ಟು ಕಷ್ಟದಿಂದ ದೊರೆತವುಗಳನ್ನು ನಾವು ಒಂದೇ ಸಂಜೆ ಐವತ್ತು ಓದಿ, ಎಲ್ಲವೂ ಒಂದೇ ರೀತಿ ಇವೆಯೆಂದು ಮುಚ್ಚಿಟ್ಟಿದ್ದೆವು. ಈಗ ದಿನಕ್ಕೊಂದರಂತೆ ಚೀಟಿಯಲ್ಲಿ ಬರೆದುಕೊಂಡು ಡಬ್ಬಿಯ ಜೊತೆ ಒಯ್ಯುತ್ತೇವೆ. ಕೆಲವು ದಿನ ಚೀಟಿ ಮಡಿಸಿದಂತೆಯೇ ಮರಳಿ ಬರುತ್ತದೆ.

ವಿಜ್ಞಾನದ ಪುಸ್ತಕಗಳೆಂದರೆ ಪರೀಕ್ಷೆಯ ಭಯ ನಮಗೆ ಇನ್ನೂ ಹೋಗಿರಲಿಲ್ಲ. ಆ ಭಯವನ್ನು ಬಿಡಿಸಿದವರು ಬಿ. ಜಿ. ಎಲ್. ಸ್ವಾಮಿಯವರು. ಇವರು ಡಿ.ವಿ.ಜಿ.ಯವರ ಮಕ್ಕಳು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ನಮ್ಮಂತೆಯೇ ಹೊರನಾಡಿನಲ್ಲಿದ್ದು ಕನ್ನಡದಲ್ಲಿ ಬರೆದವರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಕಥೆಯಾದ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ನಗುತ್ತ ನಗುತ್ತ ಓದಿದರೆ ಕೊನೆಗೆ ಹತ್ತು ಗಿಡಗಳ ಪರಿಚಯವಾಗಿರುತ್ತದೆ. ಅವರದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಹೋಟೆಲಿನಲ್ಲಿ ಕೆಲಸ ಮಾಡುವ ತರುಣರೊಬ್ಬರಿಗೆ ಕೊಟ್ಟೆವು. ಮರುದಿನವೇ ಬಂದು, “ಎಂತ ಮಾರಾಯ್ರೆ, ಬಟಾಟೆಯೂ ನಮ್ಮದಲ್ಲವಾ?” ಎಂದು ಕೇಳಿದರು. ಅಲ್ಲ. ಬಟಾಟೆ, ಮೆಣಸಿನಕಾಯಿ, ಟೊಮೆಟೊ, ನೆಲಗಡಲೆ - ಇವೆಲ್ಲ ಅಮೆರಿಕದ ನೆಲದವು. ಯುರೋಪಿನವರ ಹಡಗುಗಳು ಸಮುದ್ರ ದಾಟಿದ ಮೇಲೆ ನಮ್ಮ ಕಡೆಗೆ ಬಂದವು. ಬಟಾಟೆ ವಡೆಯಿಂದ ಇವನ್ನು ತೆಗೆದರೆ ಉಳಿಯುವುದು ಕಡಲೆಹಿಟ್ಟು, ಎಣ್ಣೆ, ಒಗ್ಗರಣೆ. ಇಂಥ ಪುಸ್ತಕವನ್ನು ಮೊದಲಿನಿಂದಲೇ ಓದಬೇಕೆಂಬ ಕಟ್ಟಳೆಯಿಲ್ಲ. ತಿಂದ ಪದಾರ್ಥದಿಂದ ಆರಂಭಿಸಿದರೂ ನಡೆಯುತ್ತದೆ.

ಕಾದಂಬರಿಗಳು ಪಟ್ಟಿಯಲ್ಲಿರಲಿಲ್ಲ, ಅವನ್ನು ಎಲ್ಲರೂ ಒಯ್ಯುತ್ತಾರೆ. ಆದರೂ ಒಂದರ ಮಾತನ್ನು ಹೇಳದೆ ಇರಲಾರೆವು. ಮುಂಬಯಿಯಲ್ಲಿಯೇ ಬಾಳಿದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ಊರಿನದೇ ಕಥೆ. ತಾನೇನು ತಪ್ಪು ಮಾಡಿದೆನೆಂಬುದು ತನಗೇ ತಿಳಿಯದ ಆಪಾದನೆಯನ್ನು ಹೊತ್ತ ನೌಕರನೊಬ್ಬನ ಸಂಕಟ ಅದರಲ್ಲಿದೆ. ಅರ್ಧ ಓದಿದ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಸಾಹೇಬರು ಏನೋ ಕಾಗದಕ್ಕಾಗಿ ಕರೆದಾಗ ನಮ್ಮ ಕೈ ತಣ್ಣಗಾಗಿತ್ತು. ದೂರದ ಕೊಲೆಗಳನ್ನು ಕುತೂಹಲದಿಂದ ಓದುತ್ತಿದ್ದ ನಾವು ಪಕ್ಕದ ಮೇಜಿನ ಭಯವನ್ನು ಓದಲಾರದೆ ಪುಸ್ತಕವನ್ನು ಹಿಂತಿರುಗಿಸಿದೆವು. ಆರು ತಿಂಗಳ ಮೇಲೆ, ದಿನಕ್ಕೆ ಹತ್ತು ಪುಟದಂತೆ, ಪೂರೈಸಿದೆವು.

ಊರಿನ ನೆನಪು ಕಾಡಿದಾಗಲೆಲ್ಲ ಗೊರೂರರ ‘ಹಳ್ಳಿಯ ಚಿತ್ರಗಳು’ ನಮ್ಮ ಔಷಧ. ಅದನ್ನು ಓದಿ ಮುಗಿಸಿದ ಸಂತೋಷದಲ್ಲಿಯೇ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನು ತೆರೆದೆವು. ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ. ಅವರಲ್ಲೊಬ್ಬರು ಲೇಖಕರ ತಂದೆ. ಇದನ್ನೂ ಅವರು ದನಿ ಏರಿಸದೆ, ಅಲ್ಲಲ್ಲಿ ನಗಿಸುತ್ತಲೇ ಹೇಳುತ್ತಾರೆ. ನಾವು ನಗುತ್ತಿದ್ದೆವು, ಯಾವ ಸಾಲಿನಲ್ಲಿ ನಗು ನಿಂತಿತೆಂಬುದು ತಿಳಿಯಲಿಲ್ಲ. ನಾವು ಬಿಟ್ಟುಬಂದ ಊರಿನಲ್ಲಿಯೂ ಒಂದು ಕೇರಿಯಿತ್ತು. ಅಲ್ಲಿಂದಲೂ ಜನರು ಇದೇ ಮುಂಬಯಿಗೆ ಬಂದರು. ಅವರಿಗೂ ಊರಿನ ನೆನಪು ನಮ್ಮಂತೆಯೇ ಸಿಹಿಯಾಗಿರುತ್ತದೆಯೇ ಎಂದು ಒಂದು ದಿನವೂ ಯೋಚಿಸಿದ್ದಿಲ್ಲ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಒಯ್ಯಬೇಕೆಂದು ನಮ್ಮ ವಿನಂತಿ. ನಿಯಮದಂತೆ ಒಬ್ಬರಿಗೆ ಒಂದೇ ಪುಸ್ತಕ. ಇವಕ್ಕೆ ಮಾತ್ರ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ.

ನಾಟಕಗಳದು ಇನ್ನೂ ಬಾಕಿಯಿದೆ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಗಳಲ್ಲಿ ಮುಂದಿರುವ ಒಬ್ಬ ಮಗ, ಹಿಂದೆ ಬಿದ್ದ ಇನ್ನೊಬ್ಬ ಮಗ, ಮನೆಗೆ ಬೇಕಾದಾಗ ಗಟ್ಟಿ ಯಾರು, ಟೊಳ್ಳು ಯಾರು ಎಂಬುದು ಕಥೆ. ಮೆಟ್ರಿಕ್ಕಿಗೇ ನಿಂತ ನಮಗೆ ಇದು ಏಕೆ ಹಿಡಿಸಿತೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಮಾತುಗಳು ಒಬ್ಬನೇ ಕುಳಿತು ಓದುವಂಥವಲ್ಲ, ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹಿಡಿಯಬೇಕು.

ಪಟ್ಟಿಯನ್ನು ದೀಪಾವಳಿಯ ಮೇಲೆ ಸಮಿತಿಗೆ ಒಪ್ಪಿಸಬೇಕು. ಹನ್ನೆರಡು ಹೆಸರುಗಳನ್ನು ಹೊಡೆದುಹಾಕಿದ್ದೇವೆ. ಉಳಿದವನ್ನು ನಾವು ಒಬ್ಬರೇ ಓದಿ ಮುಗಿಸಲಾರೆವು. ಅಷ್ಟರೊಳಗೆ ಬಂದು ಯಾರಾದರೂ ಹೆಸರು ಬರೆಸಿ ಒಯ್ದರೆ ಅಷ್ಟನ್ನೂ ಪಟ್ಟಿಯಿಂದ ತೆಗೆಯಬಹುದು. ಬರುವ ಶನಿವಾರ ಸಂಜೆ ಏಳು ಗಂಟೆಗೆ ಹೊರಗಿನ ಮೆಟ್ಟಿಲ ಮೇಲೆ ‘ಟೊಳ್ಳುಗಟ್ಟಿ’ಯನ್ನು ಓದಲಿದ್ದೇವೆ. ಗಂಡಸರ ಪಾತ್ರಗಳಿಗೆ ಜನ ಸಿಕ್ಕಿದ್ದಾರೆ. ಹೆಂಗಸರ ಪಾತ್ರಗಳಿಗೆ ಇನ್ನೂ ಯಾರೂ ಒಪ್ಪಿಲ್ಲ.