ಅಡುಗೆಮನೆ ಕಂಡರೆ ಸಾಕಾ?

ಕೆಂಪಾಪುರದ ಕಾಫಿ ಬೋರ್ಡ್ ಲೇಔಟಿನಿಂದ ವೀಕ್ಷಕರೊಬ್ಬರು ಫೋನ್ ಮಾಡಿದ್ರು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿಯಂತೆ. ಗೇಟಿನಲ್ಲಿರೋ ರಿಜಿಸ್ಟರ್ ತೆಗೆದು ಆ್ಯಪ್ ಹಾಕಬೇಕು ಅಂತ ಮೀಟಿಂಗಲ್ಲಿ ತೀರ್ಮಾನ ಆಗಿದೆ. ಮಾನ್ಯತಾ ಟೆಕ್ ಪಾರ್ಕಿಗೆ ಕೆಲಸಕ್ಕೆ ಹೋಗುವ ಹುಡುಗರು ಓಪನ್ ಸೋರ್ಸ್ ಹಾಕೋಣ, ಅದೇ ಸೇಫ್ ಅಂತಿದ್ದಾರೆ. ಹಿರಿಯರು, ಎಲ್ಲರಿಗೂ ತೆರೆದಿಟ್ಟಿದ್ದು ಹೇಗ್ರೀ ಸೇಫ್ ಆಗುತ್ತೆ, ಕಳ್ಳನಿಗೂ ಕಾಣುತ್ತಲ್ಲ ಅಂತಿದ್ದಾರೆ. 'ಸಾರ್, ಯಾರು ಸರಿ?' ಅಂದ್ರು. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಉಳಿದ ಅರ್ಧವನ್ನು ಇಲ್ಲಿ ನೋಡೋಣ.

ಓಪನ್ ಸೋರ್ಸ್ ಅಂದ್ರೆ ಬಿಟ್ಟಿ ಸಾಫ್ಟ್‌ವೇರ್ ಅಂತ ಬಹಳ ಜನ ತಿಳಿದಿದ್ದಾರೆ. ಬಿಟ್ಟಿಯಾಗಿ ಸಿಗೋದೆಲ್ಲ ಓಪನ್ ಸೋರ್ಸ್ ಅಲ್ಲ. ನಮ್ಮ ಬೆಂಗಳೂರಿನ ದರ್ಶಿನಿ ಹೋಟೆಲ್ ನೋಡಿ. ಕಾವಲಿ ಕಣ್ಣೆದುರಿಗೇ ಇರುತ್ತೆ, ಹಿಟ್ಟು ಹೇಗೆ ಹುಯ್ತಾರೆ, ಎಣ್ಣೆ ಎಷ್ಟು ಹಾಕ್ತಾರೆ ಎಲ್ಲ ಕಾಣುತ್ತೆ. ಹಾಗೆ ಸಾಫ್ಟ್‌ವೇರನ್ನು ಬರೆದ ಸಾಲುಗಳನ್ನು, ಅಂದ್ರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಬಹುದು, ಬದಲಾಯಿಸಬಹುದು, ಹಂಚಬಹುದು. ಫೈರ್‌ಫಾಕ್ಸ್, ವಿಎಲ್‌ಸಿ, ಲಿಬ್ರೆ ಆಫೀಸ್ ಎಲ್ಲ ಈ ಜಾತಿಯವು. ಆದರೆ ದರ್ಶಿನಿಯಲ್ಲೂ ಒಲೆ ಕಾಣುತ್ತೇ ಹೊರತು ಹಿಂದಿನ ಉಗ್ರಾಣ ಕಾಣಲ್ಲ.

ಈ ಉಗ್ರಾಣದ ಪ್ರಶ್ನೆ ನಮ್ಮ ಕರ್ನಾಟಕ ಹೈಕೋರ್ಟಿನವರೆಗೂ ಹೋಗಿತ್ತು. ಆರೋಗ್ಯ ಸೇತು ನೆನಪಿದೆಯಾ? 2020ರ ಏಪ್ರಿಲ್ 2ರಂದು ಬಂತು. ಮೇ 1ರ ಆದೇಶದಲ್ಲಿ ಕೇಂದ್ರ ಗೃಹ ಸಚಿವಾಲಯ ಸರ್ಕಾರಿ, ಖಾಸಗಿ ನೌಕರರೆಲ್ಲರಿಗೂ ಅದನ್ನು ಕಡ್ಡಾಯ ಮಾಡಿತು. ಗಲಾಟೆ ಆದ ಮೇಲೆ ಮೇ 17ರಂದು ಕಡ್ಡಾಯ ಹೋಗಿ 'ಆದಷ್ಟು ಪ್ರಯತ್ನಿಸಿ' ಆಯ್ತು. ಮೇ 26ರಂದು ಆಂಡ್ರಾಯ್ಡ್ ಆವೃತ್ತಿಯ ಸೋರ್ಸ್ ಕೋಡನ್ನು ಸರ್ಕಾರ ಸಾರ್ವಜನಿಕರ ಮುಂದಿಟ್ಟಿತು. ಆ ಹೊತ್ತಿಗೆ 11 ಕೋಟಿಗೂ ಹೆಚ್ಚು ಜನ ಅದನ್ನು ಹಾಕಿಕೊಂಡಿದ್ದರು. ಒಳ್ಳೆಯ ಕೆಲಸವೇ, ಬೇಡ ಅನ್ನಲ್ಲ. ಆದರೆ ಅವತ್ತು ತೆರೆದದ್ದು ನಿಮ್ಮ ಫೋನಿನಲ್ಲಿರೋ ಭಾಗ. ನಿಮ್ಮ ಮಾಹಿತಿ ಹೋಗಿ ಕೂರುವ ಸರ್ವರಿನ ಕೋಡ್ ಆಮೇಲೆ ಅಂದ್ರು. ಒಲೆ ತೋರಿಸಿದ್ರು, ಉಗ್ರಾಣ ಆಮೇಲೆ!

ಬೆಂಗಳೂರಿನ ಸಾಫ್ಟ್‌ವೇರ್ ತಜ್ಞ ಅನಿವರ್ ಅರವಿಂದ್ ಹೈಕೋರ್ಟಿಗೆ ಹೋದರು. ಈ ಆ್ಯಪ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾವ ಸರ್ಕಾರಿ ಸೌಲಭ್ಯವನ್ನೂ ನಿರಾಕರಿಸುವಂತಿಲ್ಲ ಅಂತ ಕೋರ್ಟ್ 2020ರ ಅಕ್ಟೋಬರಿನಲ್ಲಿ ಹೇಳಿತು. 2021ರ ಜನವರಿ 25ರಂದು ಬಂದ ಮಧ್ಯಂತರ ಆದೇಶ ಇನ್ನೂ ಮುಖ್ಯ. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಸರಳವಾದ ಒಂದು ಕೆಲಸ ಮಾಡಿತು. ಜನ ಯಾವುದಕ್ಕೆ 'ಒಪ್ಪಿದೆ' ಅಂತ ಒತ್ತಿದ್ದಾರೆ ಅಂತ ನೋಡಿತು. ಆ್ಯಪ್‌ನ ಗೌಪ್ಯತಾ ನೀತಿಯಲ್ಲಿ ಬರೆದಿರೋದಕ್ಕೆ ಒಪ್ಪಿದ್ದಾರೆ, ಸರಿ. ಆದರೆ ಬೇರೆ ಬೇರೆ ಇಲಾಖೆಗಳಿಗೆ ಮಾಹಿತಿ ಹಂಚುವ ಮಾತು ಇದ್ದದ್ದು ಆಮೇಲೆ ಹೊರಡಿಸಿದ ಇನ್ನೊಂದು ನಿಯಮಾವಳಿಯಲ್ಲಿ. ಅದನ್ನು ಜನಕ್ಕೆ ಯಾರೂ ಕೇಳೇ ಇಲ್ಲ. ಹಾಗಾಗಿ ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಹಂಚಬೇಡಿ ಅಂತ ತಡೆ ಬಿತ್ತು.

ಗಮನಿಸಿ, ಈ ಆದೇಶದಲ್ಲಿ ಕೋಡ್ ಚೆನ್ನಾಗಿದೆಯೋ ಇಲ್ಲವೋ ಅನ್ನೋ ಚರ್ಚೆ ಅಲ್ಲ ನಡೆದದ್ದು. ಕೋಡ್ ಎಷ್ಟೇ ಪಾರದರ್ಶಕ ಇರಲಿ, ಮಾಹಿತಿ ಯಾರ ಕೈಗೆ ಹೋಗುತ್ತೆ ಅನ್ನೋದು ಬೇರೆಯೇ ಲೆಕ್ಕ. ಅಂದ ಹಾಗೆ 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲೇ ಹೋಮ್ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಪ್ರಕಟಿಸಿಬಿಟ್ಟಿದ್ದರು. ಅದಕ್ಕೆ ಯಾವ ಹ್ಯಾಕರೂ ಬೇಕಾಗಲಿಲ್ಲ.

ಈಗ ಗೇಟಿಗೆ ಬನ್ನಿ. ಹಳೇ ರಿಜಿಸ್ಟರ್ ತುಂಬಿದರೆ ಸೆಕ್ಯುರಿಟಿ ಕ್ಯಾಬಿನ್ ಮೂಲೆ ಸೇರ್ತಿತ್ತು, ಮಳೆಗೆ ನೆನೆದು ಹೋಗ್ತಿತ್ತು. ಆ್ಯಪ್‌ನಲ್ಲಿ ಹಾಗಾಗಲ್ಲ. ಅಮೃತಹಳ್ಳಿ ಕಡೆಯಿಂದ ಬೆಳಿಗ್ಗೆ ಪಾತ್ರೆ ತೊಳೆಯೋಕೆ ಬರುವ ಹೆಣ್ಣುಮಗಳ ಫೋಟೊ, ನಂಬರು, ದಿನಾ ಎಷ್ಟೊತ್ತಿಗೆ ಬಂದಳು, ಎಷ್ಟೊತ್ತಿಗೆ ಹೋದಳು, ಎಲ್ಲ ವರ್ಷಗಟ್ಟಲೆ ಉಳಿಯಬಹುದು. ಕೆಲವು ಆ್ಯಪ್‌ಗಳಲ್ಲಂತೂ ಕೆಲಸದವರಿಗೆ ಸ್ಟಾರ್ ಕೊಡುವ ವ್ಯವಸ್ಥೆ ಇದೆ. ನೀವು ಫ್ಲಾಟಿನವರು 'ಒಪ್ಪಿದೆ' ಒತ್ತಿದಿರಿ. ಆಕೆಯನ್ನ ಕೇಳಿದವರು ಯಾರು? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸ್ ಹಾಕಿದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಫ್ಲಾಟ್ ಮಾಲೀಕರಿಗೆ ಮಾತ್ರ ಅಂತ ತೀರ್ಪಿನಲ್ಲಿ ಎಲ್ಲೂ ಬರೆದಿಲ್ಲ.

ಇನ್ನು ಹಿರಿಯರ ಭಯ. ತೆರೆದಿಟ್ಟರೆ ಕಳ್ಳನಿಗೂ ಕಾಣಲ್ವಾ? ಕಾಣುತ್ತೆ. ಎಕ್ಸ್‌ಝಡ್ ಅನ್ನೋ ಪುಟ್ಟ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಫೈಲುಗಳ ಗಾತ್ರ ಕುಗ್ಗಿಸೋದು ಅದರ ಕೆಲಸ. ನೋಡಿಕೊಳ್ತಿದ್ದದ್ದು ಹೆಚ್ಚುಕಮ್ಮಿ ಒಬ್ಬನೇ ಮನುಷ್ಯ, ಅದೂ ಸಂಬಳವಿಲ್ಲದೆ. 'ಜಿಯಾ ಟಾನ್' ಅನ್ನೋ ಹೆಸರಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಕೆಲಸ ಮಾಡಿ, ನಂಬಿಕೆ ಗಳಿಸಿ, ಆಮೇಲೆ ಹಿಂಬಾಗಿಲು ಇಟ್ಟರು. ಹೇಗಿಟ್ಟರು ಗೊತ್ತಾ? ಎಲ್ಲರೂ ಓದುವ ಕೋಡಿನಲ್ಲಿ ಪೂರ್ತಿ ಇಡಲಿಲ್ಲ. ಒಂದು ಮುಖ್ಯ ತುಣುಕನ್ನು ಹಂಚಿಕೆಗೆ ಕಟ್ಟಿದ ಪೊಟ್ಟಣದಲ್ಲಿ ಮಾತ್ರ ಸೇರಿಸಿದ್ರು. ತೋರಿಸಿದ ಹಿಟ್ಟೇ ಬೇರೆ, ಬಡಿಸಿದ ದೋಸೆಯೇ ಬೇರೆ.

ಸಿಕ್ಕಿಬಿದ್ದದ್ದು 2024ರ ಮಾರ್ಚ್ ಕೊನೆಗೆ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತನ್ನ ಕಂಪ್ಯೂಟರಿನಲ್ಲಿ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆಯಲ್ಲ ಅಂತ ಗಮನಿಸಿದರು. ಅರ್ಧ ಸೆಕೆಂಡ್! ನಾವಾಗಿದ್ರೆ ನೆಟ್ ಸರಿಯಿಲ್ಲ ಅಂತ ಬೈದು ಸುಮ್ಮನಾಗ್ತಿದ್ವಿ. ಕೋಡ್ ತೆರೆದಿದ್ದರಿಂದ ಅವರು ಬಿಚ್ಚಿ ನೋಡೋಕಾಯ್ತು, ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಅದು ತಲುಪುವ ಮೊದಲೇ ಬಯಲಾಯ್ತು. ಮುಚ್ಚಿದ ಸಾಫ್ಟ್‌ವೇರಿನಲ್ಲಿ ಹೊರಗಿನವರೊಬ್ಬರು ಹೀಗೆ ಕೊನೇ ಸಾಲಿನವರೆಗೂ ಹುಡುಕಿ ಹೋಗೋದು ಬಹಳ ಕಷ್ಟ. ಆದ್ದರಿಂದ ನಾನು ಓಪನ್ ಸೋರ್ಸ್ ಪರವೇ. ಆದರೆ 'ಯಾರು ಬೇಕಾದರೂ ನೋಡಬಹುದು' ಅನ್ನೋದು 'ಯಾರೋ ನೋಡಿದ್ದಾರೆ' ಅನ್ನೋದಕ್ಕೆ ಸಮ ಅಲ್ಲ.

ಎಲ್ಲಕ್ಕಿಂತ ಗಟ್ಟಿ ಭದ್ರತೆ ಮಾಹಿತಿಯನ್ನು ಇಟ್ಟುಕೊಳ್ಳದೇ ಇರೋದು. 2016ರಲ್ಲಿ ಅಮೆರಿಕದ ತನಿಖಾಧಿಕಾರಿಗಳು ಸಿಗ್ನಲ್ ಆ್ಯಪ್‌ನವರಿಗೆ ಒಬ್ಬ ಬಳಕೆದಾರನ ವಿವರ ಕೊಡಿ ಅಂದ್ರು. ಅವರ ಹತ್ತಿರ ಕೊಡೋಕೆ ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯದಾಗಿ ಸಂಪರ್ಕಕ್ಕೆ ಬಂದ ಸಮಯ. ಬೇರೇನೂ ಇಟ್ಟೇ ಇರಲಿಲ್ಲ.

ಹಾಗಾಗಿ ಸೆಕ್ರೆಟರಿ ಸಾಹೇಬರಿಗೆ ನಾನು ಹೇಳಿದ್ದು, ಆ್ಯಪ್ ಯಾವ ಜಾತಿ ಅಂತ ಕೇಳೋ ಮೊದಲು ಫೋಟೊ ಎಷ್ಟು ದಿನಕ್ಕೆ ಅಳಿಸ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ. ಯಾರಿಗೆ ಹಂಚ್ತೀರಿ? ನಾವು ಬಿಟ್ಟು ಹೋದರೆ ಹಳೇ ಮಾಹಿತಿ ಗತಿ ಏನು? ಹುಡುಗರು ಹೇಳುವ ಓಪನ್ ಸೋರ್ಸ್ ಹಾಕುವುದಾದರೆ ಕೊನೇ ಅಪ್‌ಡೇಟ್ ಯಾವಾಗ ಬಂದಿದೆ, ಕೆಲಸ ಮಾಡೋರು ಒಬ್ಬರಾ ಹತ್ತಾ ಅಂತ ನೋಡಿ. ಅದನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಮಾಹಿತಿ ಹೊರಗೆ ಹೋಗಲ್ಲ ನಿಜ. ಆದರೆ ಅದಕ್ಕೆ ತಿಂಗಳು ತಿಂಗಳು ಅಪ್‌ಡೇಟ್ ಹಾಕೋರು ಯಾರು? ಕ್ಯಾಬಿನ್ನಿನಲ್ಲಿ ಪಾಸ್‌ವರ್ಡ್ ಗೋಡೆಗೆ ಅಂಟಿಸಿ, ವರ್ಷಗಟ್ಟಲೆ ಮುಟ್ಟದ ಓಪನ್ ಸೋರ್ಸ್‌ಗಿಂತ ಸರಿಯಾಗಿ ಉತ್ತರ ಕೊಡೋ ಕಂಪನಿಯೇ ವಾಸಿ. ಇದನ್ನು ಕೇಳಿ ಅವರು, ನಮ್ಮಲ್ಲಿ ಲಿಫ್ಟ್ ಸರ್ವೀಸ್ ಮಾಡಿಸೋಕೇ ಯಾರೂ ಮುಂದೆ ಬರಲ್ಲ ಸಾರ್ ಅಂದ್ರು.