ಹೊಸ್ತಿಲ ಕಾವಲುಗಾರರ ಋಣ

ಕೋಲಾರದ ಸಮೀಪದ ಸೀತಿಬೆಟ್ಟದಲ್ಲಿ ಭೈರವೇಶ್ವರನ ಸನ್ನಿಧಿಯಿದೆ. ಭೈರವನಿಗೆ ನಾಯಿಯೇ ವಾಹನ. ಬೆಟ್ಟದ ಮೇಲೆ ದೇವರ ಜೊತೆಗೆ ಕೈಮುಗಿಸಿಕೊಳ್ಳುವ ಈ ಪ್ರಾಣಿ ಬೆಟ್ಟದ ಕೆಳಗಿನ ಊರುಗಳಲ್ಲಿ ಮಿಕ್ಕ ಮುದ್ದೆಯನ್ನುಂಡು, ಜಗಲಿಯ ಮೂಲೆಯಲ್ಲಿ ಮಲಗಿ, ಇರುಳೆಲ್ಲ ಮನೆಯನ್ನು ಕಾಯುತ್ತದೆ. ಶ್ರೀನಿವಾಸಪುರದ ಮಾವಿನ ತೋಪಿಗೆ ನಾಯಿಯ ಕಾವಲು. ರೇಷ್ಮೆ ಹುಳು ಸಾಕುವ ಮನೆಗೆ, ಇಲಿಗಳ ಕಾಟ ತಪ್ಪಿಸಲು, ಬೆಕ್ಕಿನ ಕಾವಲು. ಇಷ್ಟು ಸೇವೆ ಸಲ್ಲಿಸುವ ಈ ಮೂಕಜೀವಿಗಳಿಗೆ ಯಜಮಾನನು ತೀರಿಸಬೇಕಾದ ಋಣವೇನು? ಒಂದು ಹಿಡಿ ಅನ್ನವಷ್ಟೇ ಅಲ್ಲ.

ಆ ಋಣದಲ್ಲಿ ಮೊದಲನೆಯದು ಹುಚ್ಚುನಾಯಿ ರೋಗದ ಲಸಿಕೆ. ರೇಬಿಸ್ ಎಂಬ ಈ ವ್ಯಾಧಿಯ ವಿಷಾಣು ಕಚ್ಚಿದ ಗಾಯದಿಂದ ನರಗಳ ದಾರಿ ಹಿಡಿದು ಮೆದುಳನ್ನು ಸೇರುತ್ತದೆ. ಲಕ್ಷಣಗಳು ತಲೆದೋರಿದ ಮೇಲೆ ರೋಗಿ ಬದುಕುಳಿಯುವುದು ಅತಿ ವಿರಳ. 1885ರ ಜುಲೈ ತಿಂಗಳಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಡಿಸಿ ಉಳಿಸಿದ ದಿನದಿಂದ ಮನುಷ್ಯನ ಕೈಗೆ ಒಂದು ಆಯುಧ ದೊರೆಯಿತು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಹಿಂದಿನವರು ಹೆದರುತ್ತಿದ್ದ ಹೊಟ್ಟೆಯ ಮೇಲಿನ ಹದಿನಾಲ್ಕು ಸೂಜಿಗಳ ಕಾಲ ಈಗ ಮುಗಿದಿದೆ. ತೋಳಿಗೆ ಕೊಡುವ ಕೆಲವೇ ಸೂಜಿಗಳು ಸಾಕು.

ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಸೂಜಿ, ಬಳಿಕ ಪಶುವೈದ್ಯರು ಹೇಳಿದಂತೆ ಮರುಸೂಜಿ, ಅನಂತರ ವರ್ಷಕ್ಕೊಮ್ಮೆ. ಬೆಕ್ಕಿಗೂ ಇದು ಬೇಕು. ಅದರ ಕಡಿತದಿಂದಲೂ ರೋಗ ಹರಡುತ್ತದೆ. ನಾಯಿಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೋ ರೋಗದ ಲಸಿಕೆಯನ್ನು ಆರರಿಂದ ಎಂಟನೆಯ ವಾರದಲ್ಲಿಯೇ ಆರಂಭಿಸತಕ್ಕದ್ದು. ಜಂತುಹುಳುವಿನ ಔಷಧವನ್ನೂ ಮರೆಯಕೂಡದು. ಆ ಹುಳುಗಳು ಅಂಗಳದಲ್ಲಿ ಆಡುವ ಮಕ್ಕಳನ್ನೂ ಸೇರಬಲ್ಲವು.

ಇಷ್ಟಾಗಿಯೂ ಪ್ರಾಣಿ ಕಚ್ಚಿದರೆ ಅಥವಾ ಪರಚಿದರೆ ಏನು ಮಾಡಬೇಕು? ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಅರಿಸಿನ ಯಾವುದೂ ಬೇಡ; ಕಟ್ಟು ಬಿಗಿಯುವುದೂ ಬೇಡ. ಅಂದೇ ಆಸ್ಪತ್ರೆಗೆ ಧಾವಿಸಬೇಕು. ಗಾಯ ಆಳವಾಗಿದ್ದರೆ ಲಸಿಕೆಯೊಡನೆ ಗಾಯದ ಸುತ್ತ ಪ್ರತಿವಿಷದ ಸೂಜಿಯನ್ನೂ ಕೊಡುತ್ತಾರೆ. ‘ನಮ್ಮ ಮನೆಯ ಮರಿಯೇ ತಾನೆ, ಹಲ್ಲು ತಾಗಿದ್ದಷ್ಟೇ’ ಎಂಬ ಉದಾಸೀನವೇ ಅನೇಕ ಪ್ರಾಣಗಳನ್ನು ಬಲಿ ತೆಗೆದುಕೊಂಡಿದೆ. 2022ರಲ್ಲಿ ಕರ್ನಾಟಕ ಸರ್ಕಾರವು ಮನುಷ್ಯರ ರೇಬಿಸ್ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿದ್ದು ಇದರ ಗಂಭೀರತೆಯನ್ನು ಅರಿತೇ.

ಇನ್ನು ಮನೆಯೊಳಗಿನ ಅಪಾಯಗಳು. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಾಗಿ ಬೆರೆತ ಸಾರು ನಾಯಿ ಬೆಕ್ಕುಗಳ ರಕ್ತಕಣಗಳನ್ನು ಕೆಡಿಸುತ್ತದೆ. ಪಾಯಸದ ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಹಾನಿಕರ. ಅವುಗಳಿಗೆ ಇಡುವ ಮುದ್ದೆ ಸಪ್ಪೆಯಾಗಿಯೇ ಇರಲಿ, ಜೊತೆಗೆ ಮೊಟ್ಟೆಯೋ ಬೇಯಿಸಿದ ಮಾಂಸವೋ ಇರಲಿ. ಬೆಕ್ಕಿಗಂತೂ ಮಾಂಸಾಹಾರವಿಲ್ಲದೆ ಕಣ್ಣು, ಹೃದಯಗಳು ಕೆಡುತ್ತವೆ. ಜ್ವರವೆಂದು ಕನಿಕರದಿಂದ ಕೊಟ್ಟ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ಟೊಮೇಟೊ ಹೊಲಕ್ಕೆ ಸಿಂಪಡಿಸಿದ ಔಷಧದ ಖಾಲಿ ಡಬ್ಬಿ, ಮೂಲೆಯಲ್ಲಿಟ್ಟ ಇಲಿಪಾಷಾಣ, ಆ ಪಾಷಾಣ ತಿಂದು ಸತ್ತ ಇಲಿ, ಇವು ಮೂರೂ ಅವುಗಳ ಬಾಯಿಗೆ ಸಿಗದಂತೆ ಜಾಗರೂಕತೆ ವಹಿಸಬೇಕು.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬೇಸಗೆಯ ಬಿಸಿಲು ಕ್ರೂರವಾದುದು. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯನ್ನು ತಂಪುಗೊಳಿಸಿಕೊಳ್ಳಬೇಕು. ನೆರಳಿಲ್ಲದೆಡೆ ಸರಪಳಿಯಲ್ಲಿ ಕಟ್ಟುವುದು ಅದಕ್ಕೆ ಮರಣದಂಡನೆಯೇ ಸರಿ. ಹುಣಸೆ ಮರದ ನೆರಳಿನಲ್ಲಿ ಒಂದು ಕಲ್ಲುಬಾನಿ, ಅದರ ತುಂಬ ತಿಳಿನೀರು, ಕಿವಿ ಬೆರಳುಸಂದುಗಳಲ್ಲಿ ಉಣ್ಣೆ ಕಚ್ಚಿದೆಯೇ ಎಂದು ವಾರಕ್ಕೊಮ್ಮೆ ನೋಡುವ ಕೈ, ಇವುಗಳಿಗೆ ಹಣ ಬೇಕಿಲ್ಲ. ಮುಳಬಾಗಿಲಿನಲ್ಲಾಗಲಿ ಮಾಲೂರಿನಲ್ಲಾಗಲಿ ಪಶು ಆಸ್ಪತ್ರೆಗೆ ಹಸುವನ್ನು ಹೊಡೆದುಕೊಂಡು ಹೋಗುವ ರೈತನು ಅದರ ಹಿಂದೆಯೇ ಓಡಿಬರುವ ನಾಯಿಯನ್ನೂ ಒಮ್ಮೆ ವೈದ್ಯರಿಗೆ ತೋರಿಸಲಿ. ಹಾಲು ಕೊಡದಿದ್ದರೂ ಮನೆಯ ಮಕ್ಕಳಿಗೆ ಅದು ಜೊತೆಗಾರ. ಅದಕ್ಕೆ ಕೊಟ್ಟ ಸೂಜಿ ಆ ಮಕ್ಕಳಿಗೇ ರಕ್ಷೆ.