ಮಾಡು ಬದಲಾದರೆ ಕಾನೂನೂ ಬದಲಾಗುತ್ತೆ: ಇಂಗ್ಲೆಂಡಿನ ಗಾಜಿನ ಕೋಣೆಯ ಪಾಠ

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಕಾಲೇಜು ಗೆಳೆಯನೊಬ್ಬ ಈಚೆಗೆ ವಿಡಿಯೊ ಕಾಲ್ ಮಾಡಿ ತನ್ನ ಮನೆಯ ಹಿಂಭಾಗ ತೋರಿಸಿದ. ಮೂರು ಕಡೆ ಗಾಜು, ಮೇಲೆ ಪಾಲಿಕಾರ್ಬನೇಟ್ ಶೀಟಿನ ಮಾಡು, ಒಳಗೆ ಬಟ್ಟೆ ಒಣಗಿಸುವ ಸ್ಟ್ಯಾಂಡು, ಮಗನ ಹಳೇ ಸೈಕಲ್ಲು. ಅಲ್ಲಿ ಇದನ್ನು ಕನ್ಸರ್ವೇಟರಿ ಅಂತಾರೆ. "ಮನೆ ತಗೊಳ್ಳೋವಾಗ ಇದನ್ನ ನೋಡಿಯೇ ಮರುಳಾಗಿದ್ದು ಮಾರಾಯ. ಜನವರಿಯಲ್ಲಿ ಫ್ರಿಜ್ಜು, ಜುಲೈಯಲ್ಲಿ ಓವನ್ನು" ಅಂದ. ಇದನ್ನು ಸರಿಯಾದ ಕೋಣೆ ಮಾಡಬೇಕು ಅಂತ ಬಿಲ್ಡರ್ ಒಬ್ಬನನ್ನು ಕರೆಸಿದ್ದನಂತೆ. ಶೀಟು ಹಾಗೇ ಇರಲಿ, ಕೆಳಗಡೆ ಫೋಮು ಮತ್ತು ಪ್ಲಾಸ್ಟರ್‌ಬೋರ್ಡು ಬಡಿದರೆ ಒಂದು ವಾರದ ಕೆಲಸ, ಯಾವ ಪರ್ಮಿಷನ್ನೂ ಬೇಡ ಅಂದನಂತೆ ಅವನು. ನಾನು ಎಂಜಿನಿಯರಿಂಗ್ ಓದಿದವನು ಅನ್ನೋದು ಗೆಳೆಯನಿಗೆ ಆಗ ನೆನಪಾಗಿದೆ.

ಬಿಲ್ಡರ್ ಹೇಳಿದ ಕೊನೆಯ ಮಾತು ತಪ್ಪು. ಯಾಕೆ ತಪ್ಪು ಅಂತ ತಿಳಿಯಲು ಈ ಕೋಣೆ ಹುಟ್ಟಿದ್ದು ಹೇಗೆ ಅಂತ ನೋಡಬೇಕು.

ಇಂಗ್ಲೆಂಡಿನ ಕಟ್ಟಡ ನಿಯಮಗಳಲ್ಲಿ ಕನ್ಸರ್ವೇಟರಿಗೆ ಒಂದು ವಿನಾಯಿತಿ ಇದೆ. ನೆಲಮಟ್ಟದಲ್ಲಿರಬೇಕು, 30 ಚದರ ಮೀಟರ್ ಮೀರಬಾರದು. ಮನೆಗೂ ಅದಕ್ಕೂ ನಡುವೆ ಹೊರಬಾಗಿಲಿನಷ್ಟೇ ಗಟ್ಟಿಯಾದ ಬಾಗಿಲಿರಬೇಕು, ಮನೆಯ ಹೀಟಿಂಗ್ ವ್ಯವಸ್ಥೆಯನ್ನು ಅದರೊಳಕ್ಕೆ ಎಳೆಯಬಾರದು. ಇಷ್ಟಿದ್ದರೆ ಪಾಯ ಎಷ್ಟು ಆಳ, ಮಾಡು ಎಷ್ಟು ಶಾಖ ತಡೆಯುತ್ತೆ ಅಂತ ಕೌನ್ಸಿಲಿನವರು ಬಂದು ನೋಡೋದಿಲ್ಲ (ಗಾಜಿನ ಸುರಕ್ಷತೆಯ ಮಾತು ಬೇರೆ). ಕಾನೂನಿನ ಕಣ್ಣಲ್ಲಿ ಅದು ಮನೆಯೇ ಅಲ್ಲ, ಅಂಗಳಕ್ಕೆ ಗಾಜು ಹೊದಿಸಿದ ಹಾಗೆ. ಹಳೆಯ ಮಾರ್ಗಸೂಚಿಯಲ್ಲಂತೂ ಮಾಡಿನ ಕನಿಷ್ಠ ಮುಕ್ಕಾಲು ಭಾಗ, ಗೋಡೆಯ ಅರ್ಧ ಭಾಗ ಬೆಳಕು ಹಾಯುವಂತಿದ್ದರೇ ಅದು ಕನ್ಸರ್ವೇಟರಿ ಅಂತ ಲೆಕ್ಕವೂ ಇತ್ತು. ತಮಾಷೆ ಅಂದರೆ, ಪ್ಲಾನಿಂಗ್ ಕಾನೂನು ಇದೇ ಕೋಣೆಯನ್ನು ಮನೆಯ ವಿಸ್ತರಣೆ ಅಂತಲೇ ಎಣಿಸುತ್ತದೆ. ಒಂದು ಇಲಾಖೆಗೆ ಅದು ಮನೆ, ಇನ್ನೊಂದಕ್ಕೆ ಅಂಗಳ.

ತಪಾಸಣೆ ಇಲ್ಲದ ಕಡೆ ಅಗ್ಗದ ಕೆಲಸ ಗೆಲ್ಲುತ್ತದೆ. ಕಟ್ಟುವವರು ಕಡಿಮೆ ಖರ್ಚಿನಲ್ಲಿ ಕಟ್ಟಿದರು, ಮಾರುವವರು ಹೆಚ್ಚುವರಿ ಕೋಣೆ ಅಂತ ಮಾರಿದರು. ಅಂಗಳವನ್ನು ಕೋಣೆಯ ರೇಟಿಗೆ ಕೊಂಡವನು ನನ್ನ ಗೆಳೆಯ.

ಚಳಿಯ ಲೆಕ್ಕ ಸರಳ. ಯು-ವ್ಯಾಲ್ಯೂ ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವಾಟ್ ಶಾಖ ಸೋರುತ್ತದೆ ಅನ್ನೋದು. ಒಂಟಿ ಪದರದ ಗಾಜಿಗೆ ಇದು ಸುಮಾರು 5. ಇಂಗ್ಲೆಂಡಿನ ಈಗಿನ ನಿಯಮದಲ್ಲಿ ವಿಸ್ತರಣೆಯ ಹೊಸ ಮಾಡಿಗೆ 0.15, ಗೋಡೆಗೆ 0.18. ಮಾಡು 12 ಚದರ ಮೀಟರ್, ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ ಅಂತಿಟ್ಟುಕೊಳ್ಳಿ. ಒಂಟಿ ಗಾಜಿನಲ್ಲಿ 1,200 ವಾಟ್ ಸೋರಿ ಹೋಗುತ್ತೆ, ನಿಯಮದ ಪ್ರಕಾರದ ಮಾಡಿನಲ್ಲಿ 36 ವಾಟ್. ಪಾಲಿಕಾರ್ಬನೇಟ್ ಶೀಟು ಇವೆರಡರ ನಡುವೆ ಬರುತ್ತದೆ.

ಹಾಗಾದರೆ ಕೆಳಗಿಂದ ಫೋಮು ಬಡಿದರೆ ಆಯ್ತಲ್ಲ? ಇಲ್ಲೇ ಎಡವಟ್ಟು. ಅಡುಗೆಯ ಹಬೆ, ಉಸಿರು, ಒಣಗುವ ಬಟ್ಟೆಯ ತೇವ ಎಲ್ಲ ಮೇಲೇರಿ ಫೋಮಿನ ಸಂದುಗಳಲ್ಲಿ ನುಸುಳಿ, ತಣ್ಣಗಿರುವ ಶೀಟಿಗೆ ತಾಗಿ ನೀರಾಗುತ್ತೆ. ಫೋಮಿನ ಬಿಸಿ ಬದಿಯಲ್ಲಿ ಆವಿ ತಡೆಯುವ ಹಾಳೆ ಇಲ್ಲದಿದ್ದರೆ, ಮೇಲೆ ಗಾಳಿಗೆ ದಾರಿ ಇಲ್ಲದಿದ್ದರೆ, ಆ ನೀರು ಅಲ್ಲೇ ಕೂತು ಮರದ ಪಟ್ಟಿಗಳನ್ನು ಕೊಳೆಸುತ್ತದೆ. ಪ್ಲಾಸ್ಟರ್‌ಬೋರ್ಡ್ ಮುಚ್ಚಿರುವುದರಿಂದ ಕಪ್ಪು ಕಲೆ ಕಾಣುವವರೆಗೂ ಗೊತ್ತೇ ಆಗಲ್ಲ.

ಇನ್ನು ಭಾರ. ಪಾಲಿಕಾರ್ಬನೇಟ್ ಶೀಟು ಚದರ ಮೀಟರಿಗೆ ನಾಲ್ಕು ಕಿಲೋ ಆಸುಪಾಸು. ಮಾಮೂಲಿ ಕಾಂಕ್ರೀಟ್ ಹೆಂಚು ಹಾಕಿದರೆ ಹೆಂಚಿನದ್ದೇ 45 ಕಿಲೋ ಮೇಲೆ. ಅದಕ್ಕೇ ಈ ಕೆಲಸಕ್ಕೆಂದೇ ಹಗುರವಾದ ಹೆಂಚುಗಳು ಬಂದಿವೆ. ಹಗುರವಾದರೂ ಶೀಟಿಗಿಂತ ಭಾರ, ಮೇಲೆ ಹಿಮ ಬೀಳುವುದನ್ನೂ ಸೇರಿಸಬೇಕು. ಅದನ್ನೆಲ್ಲ ಹೊರಬೇಕಾದದ್ದು ಕಿಟಕಿಗೆಂದು ಮಾಡಿದ ಪ್ಲಾಸ್ಟಿಕ್ ಚೌಕಟ್ಟು, ಅದರ ಕೆಳಗೆ ಯಾರೂ ಅಳೆಯದ ಪಾಯ. ಆಗ್ನೇಯ ಇಂಗ್ಲೆಂಡಿನ ಬಹಳಷ್ಟು ಕಡೆ ಜೇಡಿಮಣ್ಣು. ಬೇಸಿಗೆಯಲ್ಲಿ ಕುಗ್ಗಿ, ಮಳೆಗೆ ಹಿಗ್ಗುತ್ತೆ, ಪಕ್ಕದಲ್ಲಿ ಮರವಿದ್ದರೆ ಇನ್ನೂ ಹೆಚ್ಚು. 1976ರ ಬರದಲ್ಲಿ ಅಲ್ಲಿ ಮನೆಗಳು ಬಿರುಕು ಬಿಟ್ಟು, ಪಾಯದ ಆಳದ ಬಗ್ಗೆ ದೇಶವೇ ಎಚ್ಚರಗೊಂಡಿತ್ತು. ಇಂಥ ಮಣ್ಣಿನಲ್ಲಿ ಈಗ ಸುಮಾರು ಒಂದು ಮೀಟರ್ ಆಳ ಕೇಳುತ್ತಾರೆ.

ಆದ್ದರಿಂದ ಗಾಜಿನ ಮಾಡು ಹೋಗಿ ಗಟ್ಟಿ ಮಾಡು ಬಂದ ಕೂಡಲೇ ವಿನಾಯಿತಿಯೂ ಹೋಗುತ್ತದೆ. ಅದೀಗ ವಿಸ್ತರಣೆ, ಬಿಲ್ಡಿಂಗ್ ಕಂಟ್ರೋಲ್ ಅನುಮತಿ ಬೇಕು, ಕೊನೆಗೆ ಪ್ರಮಾಣಪತ್ರವೂ ಬೇಕು. ಮನೆ ಮಾರುವಾಗ ಕೊಳ್ಳುವವರ ವಕೀಲರು ಕೇಳೋದು ಆ ಕಾಗದವನ್ನೇ. ಇನ್ನೊಂದು ಬದಲಾವಣೆ ಹಲವರಿಗೆ ಗೊತ್ತಿಲ್ಲ. ನಿಯಮ ಮುರಿದ ಕೆಲಸವನ್ನು ಸರಿಪಡಿಸಿ, ಇಲ್ಲವೇ ಕೆಡವಿ ಅಂತ ನೋಟಿಸ್ ಕೊಡಲು ಕೌನ್ಸಿಲಿಗೆ ಮೊದಲು 12 ತಿಂಗಳಷ್ಟೇ ಅವಕಾಶವಿತ್ತು. 2023ರ ಅಕ್ಟೋಬರ್‌ನಿಂದ ಅದು 10 ವರ್ಷ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಜನ ಸತ್ತ ಮೇಲೆ ಬಂದ 2022ರ ಕಟ್ಟಡ ಸುರಕ್ಷತಾ ಕಾಯ್ದೆಯ ಫಲ ಅದು. ನಿಯಮ ಅಂದರೆ ಬರೀ ಕಿರಿಕಿರಿ, ಕಡಿಮೆಯಾದಷ್ಟೂ ಒಳ್ಳೇದು ಅನ್ನುತ್ತಿದ್ದ ರಾಜಕಾರಣಿಗಳು ಅಲ್ಲಿ ಈಗ ಸ್ವಲ್ಪ ದನಿ ತಗ್ಗಿಸಿದ್ದಾರೆ.

ಇದನ್ನೆಲ್ಲ ಗೆಳೆಯನಿಗೆ ವಿವರಿಸುವಾಗ ನನ್ನ ತಲೇಲಿ ಓಡುತ್ತಿದ್ದದ್ದು ಬೆಂಗಳೂರು. ನಾವೂ ಬಾಲ್ಕನಿಗೆ ಗಾಜು ಹಾಕಿ ರೂಮು ಮಾಡ್ತೀವಿ, ತಾರಸಿ ಮೇಲೆ ಶೀಟು ಹಾಕಿ ಬಾಡಿಗೆಗೆ ಕೊಡ್ತೀವಿ. ಹೀಗೆ ಬೆಳೆದದ್ದನ್ನೆಲ್ಲ ದಂಡ ಕಟ್ಟಿಸಿಕೊಂಡು ಒಪ್ಪಲು ಹೊರಟ ಅಕ್ರಮ-ಸಕ್ರಮಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ಒಸಿಯಿಂದಲೇ ವಿನಾಯಿತಿ ಕೊಟ್ಟಿತು. ಒಸಿಗಾಗಿ ಅಲೆದು, ಕೈ ಬಿಸಿ ಮಾಡಿ, ಕೊನೆಗೂ ಕರೆಂಟ್ ಕನೆಕ್ಷನ್ ಸಿಗದೆ ಕೂತಿದ್ದ ಕುಟುಂಬಗಳಿಗೆ ಅದು ದೊಡ್ಡ ನಿರಾಳ, ಅದನ್ನು ಅಲ್ಲಗಳೆಯೋಕಾಗಲ್ಲ. ಆದರೆ ಲಂಚ ಹೋಗಲಿ ಅಂತ ತಪಾಸಣೆಯನ್ನೇ ತೆಗೆದರೆ ಪಾಯ ನೋಡುವವರು ಯಾರು? ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗನಿಗೆ ಈ ಪ್ರಶ್ನೆ ಕೇಳುವ ಅವಕಾಶವೂ ಇಲ್ಲ.

ಗೆಳೆಯ ಆ ಬಿಲ್ಡರನ್ನು ಬಿಟ್ಟ. ನಾನು ಹೇಳಿದಂತೆ ಗೋಡೆ ಪಕ್ಕ ಒಂದು ಗುಂಡಿ ತೋಡಿಸಿದ. ಪಾಯ ಮುಗಿದದ್ದು ಮೊಣಕಾಲಿಗಿಂತ ಸ್ವಲ್ಪ ಕೆಳಗೆ, ಅಡಿಯಲ್ಲಿ ಹಳದಿ ಜೇಡಿಮಣ್ಣು. ಹೊಸ ಪಾಯ ತೋಡಬೇಕಾದರೆ ಪಕ್ಕದ ಮನೆಯ ಗೋಡೆ ಮೂರು ಮೀಟರಿನೊಳಗೇ ಇದೆ, ಹಾಗಾಗಿ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಆ ಮನೆಯವರಿಗೆ ಒಂದು ತಿಂಗಳು ಮುಂಚೆ ಬರಹದಲ್ಲಿ ತಿಳಿಸಬೇಕು. ಸದ್ಯಕ್ಕೆ ಗುಂಡಿಗೆ ಹಲಗೆ ಮುಚ್ಚಿಟ್ಟಿದ್ದಾನೆ. ಸ್ಟ್ರಕ್ಚರಲ್ ಎಂಜಿನಿಯರ್ ಬರೋದು ಮುಂದಿನ ಮಂಗಳವಾರ.